ಬಾಕಿದಾರನೇ ಖಜಾಂಚಿ

ಕಳ್ಳನ ಕೈಗೆ ಬೀಗದ ಕೈ ಕೊಡಬಾರದು ಅಂತ ಲೋಕವೆಲ್ಲ ಹೇಳುತ್ತದೆ. ಆ ಬೀದಿಯ ಅಂಗಡಿಯವರು ಮಾತ್ರ ವರ್ಷಕ್ಕೊಂದು ಸಲ ಎಲ್ಲರೂ ಸೇರಿ, ಟೀ ಕುಡಿದು, ಚಪ್ಪಾಳೆ ತಟ್ಟಿ ಕೊಡುತ್ತಿದ್ದರು. ವರ್ತಕರ ಸಂಘಕ್ಕೆ ಯಾರು ಎಲ್ಲರಿಗಿಂತ ಹೆಚ್ಚು ಚಂದಾ ಬಾಕಿ ಉಳಿಸಿಕೊಂಡಿದ್ದಾನೋ ಅವನೇ ಮುಂದಿನ ವರ್ಷದ ಖಜಾಂಚಿ. ತನ್ನ ಬಾಕಿಯನ್ನು ಅವನು ಅದೇ ಸಭೆಯಲ್ಲಿ, ಎಲ್ಲರ ಕಣ್ಣೆದುರು, ಮೇಜಿನ ಮೇಲೆ ಇಡಬೇಕು. ಆಮೇಲೆ ವರ್ಷವೆಲ್ಲ ಅಂಗಡಿ ಅಂಗಡಿ ಸುತ್ತಿ ಮಿಕ್ಕವರಿಂದ ವಸೂಲಿ ಮಾಡಬೇಕು.

ಈ ನಿಯಮ ಮಾಡಿದವರು ಸಂಘದ ಅಧ್ಯಕ್ಷರು, ಬಟ್ಟೆ ಅಂಗಡಿಯ ಯಜಮಾನರು. ಕೊಡದವನ ನೆಪಗಳೆಲ್ಲ ಕೊಡದವನಿಗೇ ಚೆನ್ನಾಗಿ ಗೊತ್ತು, ಅವನನ್ನೇ ವಸೂಲಿಗೆ ಕಳಿಸಿದರೆ ಮಿಕ್ಕವರ ಆಟ ನಡೆಯುವುದಿಲ್ಲ ಎನ್ನುವುದು ಅವರ ತರ್ಕ. ಹೊರಗಿನವರು ಕೇಳಿದರೆ ನಗುತ್ತಾರೆ. ನಗಲಿ. ಸಂಘ ಅಂದರೆ ನಾಲ್ಕು ಜನ ಸೇರಿ ಐದು ಜಗಳ ಆಡುವ ಜಾಗ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತದೆ. ಅಂಥದ್ದರಲ್ಲಿ ಒಂದು ಸಂಘ ಮೂವತ್ತು ವರ್ಷ ಬಾಳಿದೆ ಅಂದರೆ ಅದರ ನಿಯಮದಲ್ಲಿ ಏನೋ ಹುರುಳು ಇರಲೇಬೇಕು.

ಗಾಜಣ್ಣ ಈ ನಿಯಮಕ್ಕೆ ಸಿಕ್ಕಿಬಿದ್ದದ್ದು ಸಿಟ್ಟಿನಿಂದ. ಅವನದು ಬೀದಿಯ ತಿರುವಿನಲ್ಲಿರುವ ಗಾಜಿನಂಗಡಿ. ಕಿಟಕಿಗೆ ಗಾಜು ಕೂರಿಸುವುದು, ಕನ್ನಡಿ ಕೊಯ್ದು ಕೊಡುವುದು, ಫೋಟೋಗಳಿಗೆ ಕಟ್ಟು ಹಾಕುವುದು ಅವನ ಕೆಲಸ. ಕಂಬಳಿ ಹಾಸಿದ ಅಗಲದ ಮೇಜು, ಅದರ ಮೇಲೆ ಮರದ ಅಳತೆಪಟ್ಟಿ, ಸೀಮೆಎಣ್ಣೆಯ ಪುಟ್ಟ ಡಬ್ಬಿ, ಕೊಯ್ಯುವ ಕಡ್ಡಿ. ಗೆರೆ ಎಳೆದು, ಮೇಜಿನ ಅಂಚಿಗೆ ಇಟ್ಟು ಒಂದು ಸಲ ಅದುಮಿದರೆ ಗಾಜು ಹೇಳಿದ ಹಾಗೆ ಕೇಳಿಕೊಂಡು ಎರಡಾಗುತ್ತಿತ್ತು. ಮನುಷ್ಯರು ಹಾಗೆ ಕೇಳುತ್ತಿರಲಿಲ್ಲ. ಬೀದಿಗೆ ಬಂದ ಹೊಸದರಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆದವರಲ್ಲ. "ಏ ಗಾಜು, ಇಲ್ ಬಾರೋ" ಎನ್ನುತ್ತಿದ್ದರು. ಅಂಗಡಿ ಮಾವನದು, ಬಂಡವಾಳವೂ ಮಾವನದೇ. ಹೆಂಡತಿಯ ಮನೆಯ ಗಂಟಿನಲ್ಲಿ ಬದುಕುವವನಿಗೆ 'ಏ' ಅನ್ನುವುದೇ ಮರ್ಯಾದೆ ಅಂತ ಬೀದಿ ತೀರ್ಮಾನಿಸಿತ್ತು.

ಎರಡನೆಯ ವರ್ಷ ಒಂದು ಬೆಳಗ್ಗೆ ಬಂದು ನೋಡಿದರೆ, ಜಾಗ ಸಾಲದೆ ಹೊರಗೆ ಗೋಡೆಗೆ ಒರಗಿಸಿ ಗೋಣಿ ಮುಚ್ಚಿಟ್ಟಿದ್ದ ದೊಡ್ಡ ಗಾಜು ಎರಡು ಹೋಳಾಗಿತ್ತು. ನಾಯಿ ಹಾರಿತೋ, ಯಾರಾದರೂ ಒದ್ದರೋ. ಸಂಘ ಸಂಬಳ ಕೊಟ್ಟು ಇಟ್ಟ ಕಾವಲುಗಾರ ಹಿಟ್ಟಿನ ಗಿರಣಿಯ ಮೆಟ್ಟಿಲ ಮೇಲೆ ಇನ್ನೂ ಗೊರಕೆ ಹೊಡೆಯುತ್ತಿದ್ದ.

"ನನ್ನ ಗಾಜು ಕಾಯದೋನಿಗೆ ನಾನ್ಯಾಕೆ ಸಂಬಳ ಕೊಡಲಿ? ಗಿರಣಿ ಮೆಟ್ಟಿಲು ಕಾಯ್ತಾನಲ್ಲ, ಗಿರಣಿಯೋನೇ ಕೊಡಲಿ!" ಎಂದು ಕಡ್ಡಿ ಮುರಿದಂತೆ ಹೇಳಿ ಚಂದಾ ನಿಲ್ಲಿಸಿದ.

ವರ್ಷ ಕಳೆಯಿತು. ಸಭೆ ನಡೆಯುವುದು ಗಿರಣಿಯ ಮೇಲಿನ ಕೋಣೆಯಲ್ಲಿ. ಅಲ್ಲಿನ ಬೆಂಚು, ಮೇಜು, ಗೋಡೆಯ ಗಡಿಯಾರ ಎಲ್ಲದರ ಮೇಲೂ ಹಿಟ್ಟು ಕೂತಿರುತ್ತದೆ. ಸಭೆ ಮುಗಿಸಿ ಎದ್ದವರೆಲ್ಲ ಹಿಂದೆ ಕೈ ಹಾಕಿ ಕೊಡವಿಕೊಂಡೇ ಇಳಿಯುತ್ತಾರೆ. ಅವತ್ತು ಬಾಕಿದಾರರ ಪಟ್ಟಿ ಓದಿದರು. ಎಲ್ಲಕ್ಕಿಂತ ಮೇಲೆ ಗಾಜಿನಂಗಡಿ.

ಅಧ್ಯಕ್ಷರು ಕನ್ನಡಕದ ಮೇಲಿಂದ ನೋಡಿ, "ಬನ್ನಿ ಖಜಾಂಚಿಯವರೇ" ಎಂದರು.

ಜನ ಹೋ ಎಂದು ನಕ್ಕರು. ಗಾಜಣ್ಣನ ಕಿವಿ ಕೆಂಪಾಯಿತು. ಹೊಸ ಮಾಲು ತರಲು ಇಟ್ಟುಕೊಂಡಿದ್ದ ದುಡ್ಡನ್ನೆಲ್ಲ ಮೇಜಿನ ಮೇಲೆ ಹಾಕಿ, ಯಾರ ಮುಖವನ್ನೂ ನೋಡದೆ ಇಳಿದು ಬಂದ. ಆದರೆ ಮನೆ ಮುಟ್ಟುವವರೆಗೂ ಕಿವಿಯಲ್ಲಿ ಗುಂಯ್‌ಗುಡುತ್ತಿದ್ದದ್ದು ನಗುವಲ್ಲ. 'ಬನ್ನಿ' ಎನ್ನುವ ಮಾತು. ಹಿಂದೆ 'ಅವರೇ' ಅಂತ ಬೇರೆ ಸೇರಿತ್ತಲ್ಲ.

ಆ ಹೊತ್ತಿಗೆ ಸಂಘದ ಸ್ಥಿತಿ ಹೇಳಬಾರದು. ಹಿಂದಿನ ಖಜಾಂಚಿ ಕ್ಷೌರದಂಗಡಿಯವನು, ಒಳ್ಳೆಯ ಮನುಷ್ಯ. ಸಂಘದ ದುಡ್ಡನ್ನೂ ತನ್ನ ಸಂಪಾದನೆಯನ್ನೂ ಒಂದೇ ಡ್ರಾಯರಿಗೆ ಹಾಕಿ, ಯಾವುದು ಯಾವುದು ಅಂತ ಅವನಿಗೇ ಗೊತ್ತಾಗದೆ, ಕಡೆಗೆ ಕಾವಲುಗಾರನಿಗೆ ಎರಡು ತಿಂಗಳು ಸಂಬಳದ ಬದಲು ಪುಕ್ಕಟೆ ಕ್ಷೌರ ಮಾಡಿದ್ದ. ಅವನಿಗಿಂತ ಹಿಂದಿನವನು ಸೈಕಲ್ ಅಂಗಡಿಯವನು. ಅವನ ಕಾಲದಲ್ಲಿ "ನಾನು ಕೊಟ್ಟೆ" "ನೀನು ಕೊಟ್ಟಿಲ್ಲ" ಅಂತ ಬೀದಿಯಲ್ಲಿ ಅಂಗಿ ಹಿಡಿದು ಜಗ್ಗಾಡಿದ್ದೂ ಉಂಟು.

ಗಾಜಣ್ಣ ಓದಿದ್ದು ಅಷ್ಟಕ್ಕಷ್ಟೆ. ಆದರೆ ಗಾಜಿನ ಕೆಲಸದಲ್ಲಿ ಒಂದು ನೂಲು ಹೆಚ್ಚುಕಮ್ಮಿಯಾದರೂ ಕಿಟಕಿಗೆ ಕೂರುವುದಿಲ್ಲ. ಆ ಅಭ್ಯಾಸವನ್ನೇ ಸಂಘಕ್ಕೂ ತಂದ. ಬ್ಯಾಂಕಿನಲ್ಲಿ ಖಾತೆ ತೆಗೆಸಿದ. ಎರಡು ಹೋಳಿನ ರಸೀದಿ ಮಾಡಿಸಿದ. ಕೊಟ್ಟವರು ಹರಿದುಕೊಂಡ ಹೋಳು ಅವರಿಗೆ, ಪುಸ್ತಕದಲ್ಲಿ ಉಳಿದ ಹೋಳಿನ ಮೇಲೆ ಕೊಟ್ಟವರ ಸಹಿ. "ಸಹಿ ಇಲ್ಲದ ರಸೀದಿ ರದ್ದಿ" ಎಂದು ಸಭೆಯಲ್ಲಿ ಮೇಜು ಕುಟ್ಟಿ ಹೇಳಿದ. ಚಂದಾ ಹೇರುವ ಅಳತೆಯನ್ನೂ ಬದಲಾಯಿಸಿದ. ಅಂಗಡಿ ದೊಡ್ಡದೋ ಚಿಕ್ಕದೋ ಎನ್ನುವ ಜಗಳವೇ ಬೇಡ, ರೋಲಿಂಗ್ ಷಟರ್ ಎಣಿಸಿ. ಒಂದು ಷಟರಿಗೆ ಒಂದು ಚಂದಾ, ಎರಡಿದ್ದರೆ ಎರಡು. ಬಣ್ಣದ ಅಂಗಡಿಯವನು ವರ್ಷದ ನಡುವೆ ಪಕ್ಕದ ಮಳಿಗೆ ಸೇರಿಸಿಕೊಂಡಾಗ, "ಮುಂದಿನ ವರ್ಷದಿಂದ ಲೆಕ್ಕ ಹಾಕೋಣ ಬಿಡಯ್ಯ" ಎಂದು ಹಲ್ಲು ಕಿರಿದ. ಗಾಜಣ್ಣ ಬಿಡಲಿಲ್ಲ. "ಷಟರ್ ಎತ್ತಿದ ತಿಂಗಳಿಂದಲೇ ಕೊಡ್ಬೇಕು. ಕಳ್ಳ ಬಂದರೆ ಮುಂದಿನ ವರ್ಷ ಬಾ ಅಂತೀಯಾ?"

ವರ್ಷದ ಕೊನೆಗೆ ಕಾವಲುಗಾರನ ಸಂಬಳ ಸರಿಯಾಗಿ ಕೊಟ್ಟು ಖಾತೆಯಲ್ಲಿ ನಾಲ್ಕು ಕಾಸು ಉಳಿದಿತ್ತು. ಅಷ್ಟರಲ್ಲಿ ಬೀದಿಯ ಬಾಯಿಯಲ್ಲಿ 'ಏ ಗಾಜು' ಹೋಗಿ 'ಖಜಾಂಚಿಯವರೇ' ಬಂದಿತ್ತು. ಬ್ಯಾಂಕಿನಲ್ಲೂ ಹಾಗೇ. ಮಾವ ಕೂಡ ಒಂದು ದಿನ ಅಂಗಡಿಗೆ ಬಂದವರು ಗಿರಾಕಿಯ ಮುಂದೆ "ನಮ್ಮ ಅಳಿಯಂದಿರು ಸಂಘದ ಖಜಾಂಚಿ" ಎಂದರು. ಗಾಜಣ್ಣ ಬಗ್ಗಿಸಿದ ತಲೆ ಎತ್ತದೆ ಗಾಜಿನ ಅಂಚು ತಿಕ್ಕುತ್ತಲೇ ಇದ್ದ. ಎತ್ತಿದ್ದರೆ ಮುಖ ಕಾಣುತ್ತಿತ್ತು.

ವರ್ಷ ಮುಗಿಯುತ್ತಾ ಬಂದ ಹಾಗೆ ಊಟ ಸೇರದಾಯಿತು. ಹೆಂಡತಿ ಕೇಳಿದಳು, "ಏನ್ರೀ ಆಯ್ತು, ಬಡಿಸಿದ್ದು ಬಡಿಸಿದ ಹಾಗೇ ಇದೆ?"

"ಮುಂದಿನ ತಿಂಗಳು ಸಭೆ. ಚಪ್ಪಲಿ ಅಂಗಡಿಯೋನು ಐದು ತಿಂಗಳು ಬಾಕಿ ಇಟ್ಟಿದ್ದಾನೆ. ಅವನೇ ಖಜಾಂಚಿ ಆಗ್ತಾನೆ."

"ಆಗ್ಲಿ ಬಿಡಿ, ಪೀಡೆ ತೊಲಗ್ತು."

ಅವನು ತಟ್ಟೆಯ ಅನ್ನ ಕಲೆಸುತ್ತಲೇ ಕೂತ. ಅವಳಿಗೆ ಅರ್ಥವಾಯಿತು, ನಗು ಬಂತು. "ಅಷ್ಟೊಂದು ಆಸೆ ಇದ್ರೆ ಚಪ್ಪಲಿಯೋರ ಹತ್ರ ಒಂದೆರಡು ತಿಂಗಳದ್ದು ಹೇಗಾದ್ರೂ ವಸೂಲಿ ಮಾಡಿ, ನಿಮ್ಮದು ಕೊಡಬೇಡಿ. ಅಷ್ಟಕ್ಕೆ ಉಪವಾಸ ಯಾಕೆ ಸಾಯ್ತೀರಾ?"

ತಮಾಷೆಗೆ ಅಂದದ್ದು. ಅವನು ತಮಾಷೆಗೆ ತೆಗೆದುಕೊಳ್ಳಲಿಲ್ಲ. ಅವನೂ ಆ ವರ್ಷ ಮೂರು ತಿಂಗಳದ್ದು ಕೊಟ್ಟಿರಲಿಲ್ಲ, ವ್ಯಾಪಾರ ಬಿದ್ದಿತ್ತು. ಮಾರನೆಯ ದಿನವೇ ಚಪ್ಪಲಿ ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತು, ಬಂದ ಗಿರಾಕಿಗಳ ಮುಂದೆಲ್ಲ ಗಂಟಲು ಸರಿಮಾಡಿಕೊಂಡು, ಮೂರು ತಿಂಗಳ ಚಂದಾ ಕಿತ್ತುಕೊಂಡೇ ಎದ್ದ. ಸಭೆಯಲ್ಲಿ ಬಾಕಿ ಓದಿದಾಗ ಚಪ್ಪಲಿಯವನದು ಎರಡು ತಿಂಗಳು, ಗಾಜಣ್ಣನದು ಮೂರು.

ಅಲ್ಲಿಂದ ಮುಂದೆ ಅದೇ ಅವನ ದಾರಿಯಾಯಿತು. ತನ್ನ ಚಂದಾವನ್ನು ತಿಂಗಳು ತಿಂಗಳು ಕನ್ನಡಿಗಳ ಹಿಂದಿನ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದ, ಸಂಘಕ್ಕೆ ಕಟ್ಟುತ್ತಿರಲಿಲ್ಲ. ಸಭೆಯ ದಿನ ಹನ್ನೆರಡು ತಿಂಗಳ ಬಾಕಿ ಅಂತ ತಾನೇ ಓದಿ, ತಾನೇ ಎದ್ದು, ಡಬ್ಬಿಯನ್ನು ಮೇಜಿನ ಮೇಲೆ ಸುರಿಯುತ್ತಿದ್ದ. ಸಂಘಕ್ಕೆ ಒಂದು ಕಾಸಿನ ನಷ್ಟವಿಲ್ಲ. ಆದರೆ ಅವನಷ್ಟು ಬಾಕಿ ಇನ್ಯಾರಿಗೂ ಇರಕೂಡದಲ್ಲ! ಅದಕ್ಕೇ ಬೀದಿಯಲ್ಲಿ ಯಾರನ್ನೂ ಪೂರಾ ವರ್ಷ ತಪ್ಪಿಸಿಕೊಳ್ಳಲು ಬಿಡುತ್ತಿರಲಿಲ್ಲ. ಕಾಡಿ, ಬೇಡಿ, ಬೈದು, ಒಂದು ತಿಂಗಳದ್ದಾದರೂ ಕಕ್ಕಿಸುತ್ತಿದ್ದ. ಕಷ್ಟದಲ್ಲಿದ್ದವರಿಗೆ ವಾರಕ್ಕಿಷ್ಟು ಅಂತ ಮಾಡಿಕೊಡುತ್ತಿದ್ದ. ಆ ಬೀದಿಯ ಸಂಘಕ್ಕೆ ದುಡ್ಡು ಕೂಡಿದ್ದು ಹೀಗೆ. ಖಜಾಂಚಿ ತಾನೊಬ್ಬನೇ ಸಾಲಗಾರನಾಗಿರಬೇಕು ಅಂತ ಹಟ ಹಿಡಿದದ್ದರಿಂದ.

ಅಧ್ಯಕ್ಷರಿಗೆ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ಯಾರು ಕೇಳುತ್ತಾರೆ? ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ಯಾರಿಗೆ ಬೇಕು, ಅದೂ ಬೆಕ್ಕು ಇಲಿ ಹಿಡಿಯುತ್ತಿರುವಾಗ?

ಮೊದಲ ವರ್ಷಗಳಲ್ಲಿ ಸಂಘ ಖರ್ಚೂ ಮಾಡಿತು. ಬೀದಿಗೆ ದೀಪ ಹಾಕಿಸಿತು, ಚರಂಡಿಗೆ ಚಪ್ಪಡಿ ಮುಚ್ಚಿಸಿತು. ಪೈಪು ಹೂಳಲು ರಸ್ತೆ ಅಗೆದು ತಿಂಗಳುಗಟ್ಟಲೆ ಹಾಗೇ ಬಿಟ್ಟಾಗ ವ್ಯಾಪಾರ ನಿಂತುಹೋಯಿತು. ಆಗ ಗಾಜಣ್ಣನೇ ಎದ್ದು ನಿಂತು ಎಲ್ಲರ ಚಂದಾ ಅರ್ಧಕ್ಕೆ ಇಳಿಸಿದ. ಗಿರಣಿಯ ಮೋಟರು ಸುಟ್ಟಾಗ ಸಂಘದಿಂದ ಸಾಲ ಕೊಟ್ಟು, ಎರಡು ವರ್ಷದಲ್ಲಿ ಹಿಟ್ಟು ಜರಡಿ ಹಿಡಿದಂತೆ ವಸೂಲಿ ಮಾಡಿದ. ಆದರೆ ಹನಿ ಕೂಡಿ ಹಳ್ಳವಾದ ಮೇಲೆ ಮನುಷ್ಯನ ಬುದ್ಧಿ ತಿರುಗುತ್ತದೆ. ಪಾಸ್‌ಬುಕ್ಕಿನ ಮೊತ್ತ ಐದಂಕಿ ದಾಟಿ ಆರಂಕಿಗೆ ಬಂದ ವರ್ಷದಿಂದ ಗಾಜಣ್ಣ ಅದನ್ನು ಕಾಯಲು ಶುರು ಮಾಡಿದ. ಯಾರು ಏನು ಕೇಳಿದರೂ ಒಂದೇ ಉತ್ತರ: "ಮುಂದಿನ ವರ್ಷ ನೋಡೋಣ." ನೆರಳಿಗೆ ತಗಡು ಹಾಕಿಸಿ ಅಂದರೂ ಮುಂದಿನ ವರ್ಷ, ಕುಡಿಯುವ ನೀರಿಗೆ ನಲ್ಲಿ ಅಂದರೂ ಮುಂದಿನ ವರ್ಷ. ಇದು ತಪ್ಪು. ದುಡ್ಡು ಬೀದಿಯದು, ಅವನ ಹೊಟ್ಟೆಯೊಳಗಿನ ಕರುಳಲ್ಲ. ಅವನಿಗೆ ಮಾತ್ರ ಹಾಗೆ ಅನಿಸಿಬಿಟ್ಟಿತ್ತು.

ಬೀದಿಯ ನಡುವೆ ಹೊಲಿಗೆ ಅಂಗಡಿ. ನಡೆಸುವವಳು ನಲವತ್ತರ ಹೆಂಗಸು, ಎಲ್ಲರಿಗೂ ಹೊಲಿಗೆಯಕ್ಕ. ಮೂರು ಹುಡುಗಿಯರನ್ನು ಇಟ್ಟುಕೊಂಡು ಶಾಲೆಗಳ ಸಮವಸ್ತ್ರ ಹೊಲಿಯುತ್ತಿದ್ದಳು. ಮೂರು ವರ್ಷದಿಂದ ಪ್ರತಿ ಸಭೆಯಲ್ಲೂ ಅವಳದು ಒಂದೇ ಬೇಡಿಕೆ. ಗಿರಣಿಯ ಹಿಂದಿನ ಖಾಲಿ ಜಾಗದಲ್ಲಿ ಹೆಂಗಸರಿಗೆ ಒಂದು ಪಾಯಿಖಾನೆ ಕಟ್ಟಿಸಬೇಕು. ಗಂಡಸರು ಹಿಂದಿನ ಗೋಡೆಗೆ ಹೋಗಿ ಬರುತ್ತಿದ್ದರು. ಹೆಂಗಸರು ಏನು ಮಾಡುತ್ತಾರೆ ಅಂತ ಸಂಘದ ಯಾವ ಸಭೆಯಲ್ಲೂ ಯಾರೂ ಯೋಚಿಸಿರಲಿಲ್ಲ. ಮೂರು ಸಲವೂ ಗಾಜಣ್ಣ, "ಒಳ್ಳೇದು ತಾಯಿ, ಮುಂದಿನ ವರ್ಷ ನೋಡೋಣ" ಎಂದ. ಮೂರನೆಯ ಸಲ ಅವಳು ವಾದ ಮಾಡಲಿಲ್ಲ. ತಲೆ ಆಡಿಸಿ ಕೂತುಬಿಟ್ಟಳು.

ಆ ಸಭೆ ಮುಗಿದ ತಿಂಗಳೇ ಪಕ್ಕದ ಚಪ್ಪಲಿ ಅಂಗಡಿಯವನು ಕಣ್ಣು ಮಂಜಾಗಿ ವ್ಯಾಪಾರ ಬಿಟ್ಟ. ಅವಳು ಆ ಮಳಿಗೆಯನ್ನೂ ಹಿಡಿದು ಗೋಡೆ ಒಡೆಸಿದಳು. ಎರಡು ಷಟರ್ ಆಯಿತು. ಚಂದಾ ಮಾತ್ರ ಕೊಡಲಿಲ್ಲ. ಅದಕ್ಕೂ ಇಲ್ಲ, ಇದಕ್ಕೂ ಇಲ್ಲ.

ಹೊಸ ಬಾಡಿಗೆಯ ಭಾರ, ಸುಧಾರಿಸಿಕೊಳ್ಳಲಿ ಪಾಪ ಎಂದುಕೊಂಡ ಗಾಜಣ್ಣ. ಆರು ತಿಂಗಳಾದ ಮೇಲೆ ರಸೀದಿ ಪುಸ್ತಕ ಬಗಲಲ್ಲಿಟ್ಟು ಹೋದ. ಒಳಗೆ ಹೊಲಿಗೆ ಯಂತ್ರಗಳು ಮಳೆ ಹೊಯ್ದ ಹಾಗೆ ಸದ್ದು ಮಾಡುತ್ತಿದ್ದವು. ನೀಲಿ ಬಟ್ಟೆಯ ರಾಶಿ ಸೊಂಟದವರೆಗೆ ಬಂದಿತ್ತು. ಗೋಡೆ ಒಡೆದ ಕಡೆ ಹೊಚ್ಚ ಹೊಸ ಯಂತ್ರವೊಂದು, ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆದಿರಲಿಲ್ಲ.

"ಏನಮ್ಮಾ, ಕೆಲಸ ಜೋರು! ಒಂದು ತಿಂಗಳದ್ದಾದ್ರೂ ಕೊಟ್ಬಿಡು."

"ಈ ತಿಂಗಳು ಆಗಲ್ಲಣ್ಣ."

"ವಾರಕ್ಕಿಷ್ಟು ಅಂತ ಕೊಡು."

"ವಾರಕ್ಕೂ ಆಗಲ್ಲ."

"ಹೊಸ ಯಂತ್ರ ತಗೊಂಡಿದ್ದೀಯ, ಸಂಘಕ್ಕೆ ಕೊಡೋಕೆ ಕೈ ಬರಲ್ವಾ?"

ಅವಳು ಬಾಯಲ್ಲಿದ್ದ ದಾರ ಕಚ್ಚಿ ಕಡಿದು, ಸೂಜಿಯನ್ನು ತೋಳಿಗೆ ಚುಚ್ಚಿಕೊಂಡು, ತಣ್ಣಗೆ ಕೇಳಿದಳು, "ನೀವು ಈ ವರ್ಷ ಎಷ್ಟು ತಿಂಗಳದ್ದು ಕೊಟ್ಟಿದ್ದೀರಣ್ಣಾ?"

ಯಂತ್ರಗಳು ಒಂದೊಂದಾಗಿ ನಿಂತವು. ಹುಡುಗಿಯರು ತಲೆ ಬಗ್ಗಿಸಿ ತುಟಿ ಕಚ್ಚಿಕೊಂಡರು.

ಗಾಜಣ್ಣನಿಗೆ ಆಗ ಹೊಳೆಯಿತು. ಅವನು ಚಾಪೆ ಕೆಳಗೆ ತೂರಿದರೆ ಇವಳು ರಂಗೋಲಿ ಕೆಳಗೇ ತೂರಿದ್ದಳು. ಎರಡು ಷಟರ್, ಹನ್ನೆರಡು ತಿಂಗಳು. ತನ್ನದು ಒಂದೇ ಷಟರ್. ಸಭೆಯಲ್ಲಿ ಅವಳ ಬಾಕಿ ತನ್ನದರ ಎರಡರಷ್ಟಿರುತ್ತದೆ.

"ನೀನು... ಬೇಕಂತಲೇ!"

"ನೀವೇನು ಬೇಡಾಂತ ಮಾಡಿದ್ರಾ?" ಎಂದಳು. "ಕೇಳಿ ಕೇಳಿ ಸಾಕಾಯ್ತಣ್ಣ. ಕೋಣನ ಮುಂದೆ ಕಿನ್ನರಿ ಎಷ್ಟು ದಿನ ಬಾರಿಸಲಿ? ಕೋಪ ಮಾಡ್ಕೋಬೇಡಿ, ಗಾದೆಗೆ ಹೇಳಿದೆ."

ಮಾರನೆಯ ದಿನ ಅವನು ಬಿಸ್ಕತ್ತಿನ ಡಬ್ಬಿಯಿಂದಲೂ ಅಂಗಡಿಯ ಗಲ್ಲಾದಿಂದಲೂ ತನ್ನ ದುಡ್ಡನ್ನೇ ತೆಗೆದು, ಅವಳ ಹೆಸರಿಗೆ ಏಳು ತಿಂಗಳ ರಸೀದಿ ಬರೆದು ತಂದ. ಲೋಕದಲ್ಲಿ ಎಲ್ಲಾದರೂ ಕಂಡಿದ್ದೀರಾ, ತಾನು ಸಾಲಗಾರನಾಗಿ ಉಳಿಯಲು ಇನ್ನೊಬ್ಬರ ಸಾಲ ತೀರಿಸುವವನನ್ನು? "ನಿನ್ನ ಹೆಸರಲ್ಲಿ ನಾನೇ ಕಟ್ಟಿದ್ದೀನಿ. ಇಲ್ಲೊಂದು ಸಹಿ ಹಾಕು, ಸಾಕು" ಎಂದು ಪುಸ್ತಕ ಚಾಚಿದ.

"ನಾನು ಹಾಕಲ್ಲ."

"ಪುಕ್ಕಟೆ ದುಡ್ಡಮ್ಮಾ!"

"ಸಹಿ ಇಲ್ಲದ ರಸೀದಿ ರದ್ದಿ ಅಂತ ಪ್ರತಿ ಸಭೇಲೂ ಮೇಜು ಕುಟ್ಟೋರು ಯಾರು? ಹೋದ ಸಲ ಆ ಗದ್ದಲಕ್ಕೆ ನನ್ನ ಟೀ ಚೆಲ್ಲಿತ್ತು, ಚೆನ್ನಾಗಿ ನೆನಪಿದೆ."

ನುಂಗಲಾರದ ತುತ್ತು. ಬರೆದ ರಸೀದಿಯನ್ನು ಹೊಡೆದು ಹಾಕಿ, 'ರದ್ದು' ಎಂದು ತನ್ನ ಕೈಯಾರೆ ಬರೆದ.

ಹತ್ತು ದಿನ ಅಂಗಡಿಯಲ್ಲಿ ಗಾಜು ಸರಿಯಾಗಿ ಒಡೆಯಲಿಲ್ಲ. ಆಮೇಲೆ ಕಣ್ಣಿಗೆ ಬಿದ್ದದ್ದು ಪಕ್ಕದ ಗಡಿಯಾರದ ಅಂಗಡಿ. ಬಾಗಿಲು ಮುಚ್ಚಿ ವರ್ಷವಾಗಿತ್ತು, ಮಾಲೀಕ ಬಾಡಿಗೆಗೆ ಜನ ಹುಡುಕುತ್ತಿದ್ದ. ಅದನ್ನು ಹಿಡಿದರೆ ತನ್ನದೂ ಎರಡು ಷಟರ್. ವರ್ಷದ ಕೊನೆಯ ಐದು ತಿಂಗಳಿಗೆ ಮಾತ್ರ ಲೆಕ್ಕ ಬರುತ್ತದೆ, ಅವಳ ಬಾಕಿಯನ್ನು ಮುಟ್ಟುವುದಿಲ್ಲ. ಆದರೆ ಆ ಮಳಿಗೆಗೆ ಎರಡು ಷಟರ್, ಹಿಂದೆ ಉಗ್ರಾಣಕ್ಕೆ ಇನ್ನೊಂದು! ಬೆರಳು ಮಡಿಸಿ ಎಣಿಸಿದ. ಮೂರು ಷಟರ್, ಐದು ತಿಂಗಳು, ತನ್ನ ಹಳೆಯ ಹನ್ನೆರಡು ಸೇರಿದರೆ ಇಪ್ಪತ್ತೇಳು. ಅವಳದು ಇಪ್ಪತ್ತನಾಲ್ಕು. ಮುಂಗಡ ಕೊಡಲು ಮನೆಯಲ್ಲಿದ್ದ ಹಣ ತೆಗೆಯುವಾಗ ಹೆಂಡತಿ ಕಂಡಳು.

"ಯಾವುದಕ್ಕೆ ಅದು?"

ಹೇಳಿದ. ಸುಳ್ಳು ಹೇಳಲು ಬರುವ ಮನುಷ್ಯನಲ್ಲ.

ಅವಳು ಗೋಡೆಗೆ ಒರಗಿಕೊಂಡಳು. "ಸಾಲ ತೀರಿಸೋಕೆ ಅಂಗಡಿ ಮಾರಿದೋರನ್ನ ನೋಡಿದ್ದೀನಿ. ಸಾಲ ಮಾಡೋಕೆ ಅಂಗಡಿ ಹಿಡಿಯೋರನ್ನ ಇವತ್ತೇ ನೋಡಿದ್ದು. ನಿಮಗೆ ತಲೆ ಸರಿ ಇದೆಯಾ?"

"ನಿನಗೆ ಗೊತ್ತಾಗಲ್ಲ. ಅವಳ ಕೈಗೆ ಹೋದ್ರೆ ಇಷ್ಟು ವರ್ಷ ಕೂಡಿಸಿದ್ದನ್ನೆಲ್ಲ ತಗೊಂಡು ಹೋಗಿ ಪಾಯಿಖಾನೆಗೆ ಸುರೀತಾಳೆ!"

"ಸುರೀಲಿ."

"ಏನು?"

"ಸುರೀಲಿ ಅಂದೆ." ಅವಳ ಧ್ವನಿ ಏರಲಿಲ್ಲ. "ಮದುವೆ ಆದ ಹೊಸದರಲ್ಲಿ ನಾನು ಅಂಗಡೀಲಿ ಕೂರ್ತಿದ್ದೆ. ಗಾಜು ಒರೆಸ್ತಿದ್ದೆ, ಕಟ್ಟಿಗೆ ಮೊಳೆ ಹೊಡೀತಿದ್ದೆ. ನಮ್ಮಪ್ಪನ ಅಂಗಡಿ, ನನಗೆ ಆ ಕೆಲಸ ನಿಮಗಿಂತ ಮೊದಲೇ ಗೊತ್ತಿತ್ತು. ಆಮೇಲೆ ಯಾಕೆ ಬರೋದು ಬಿಟ್ಟೆ ಅಂತ ಒಂದು ದಿನ ಕೇಳಿದ್ರಾ?"

"ಮಕ್ಕಳು ಆದ್ರಲ್ಲ..."

"ಮಕ್ಕಳಾಗಿದ್ದು ಆಮೇಲೆ. ಬೆಳಗ್ಗೆ ಹೋದ್ರೆ ಸಂಜೆವರೆಗೆ ತಡ್ಕೋಬೇಕಿತ್ತು. ನೀರು ಕುಡೀದೆ ಕೂತು ಕೂತು ಉರಿ ಹತ್ತಿ, ಜ್ವರ ಬಂದು ಮಲಗಿದ್ದೆ ಎರಡು ಸಲ. ನೀವು ಸೆಕೆ ಜ್ವರ ಅಂದ್ರಿ, ಮಾತ್ರೆ ತಂದು ಕೊಟ್ರಿ. ಹೊಲಿಗೆ ಅಂಗಡಿ ಹುಡುಗೀರು ಈಗ ಯಾರ ಮನೆಗೆ ಬರ್ತಾರೆ ಅಂದ್ಕೊಂಡ್ರಿ? ಎರಡು ಬೀದಿ ದಾಟಿ ನಮ್ಮ ಮನೆಗೇ ಬರೋದು. ದಿನಾ ಮಧ್ಯಾಹ್ನ. ನೀವು ಅಂಗಡೀಲಿ ಇರ್ತೀರಿ, ನಿಮಗೆಲ್ಲಿ ಕಾಣ್ಬೇಕು?"

ಗಾಜಣ್ಣ ಹಣವನ್ನು ಪೆಟ್ಟಿಗೆಗೆ ವಾಪಸ್ಸು ಇಟ್ಟ. ಮನಸ್ಸು ತಿರುಗಿತು ಅಂತ ಅಂದುಕೊಳ್ಳಬೇಡಿ. ಮನುಷ್ಯ ಅಷ್ಟು ಸುಲಭಕ್ಕೆ ತಿರುಗುವ ಪ್ರಾಣಿಯಲ್ಲ. ಗಡಿಯಾರದ ಅಂಗಡಿಯ ಆಸೆ ಬಿಟ್ಟ, ಅಷ್ಟೇ. ಹೊಲಿಗೆ ಅಂಗಡಿಯ ಮುಂದೆ ಹಾದು ಹೋಗುವಾಗ ಇನ್ನೂ ಮುಖ ಬೇರೆ ಕಡೆ ತಿರುಗಿಸಿಕೊಳ್ಳುತ್ತಿದ್ದ.

ಸಭೆಯ ಹಿಂದಿನ ದಿನ ಅಧ್ಯಕ್ಷರು ಹೇಳಿ ಕಳಿಸಿದರು. ಈಗ ಮುದುಕರಾಗಿದ್ದರು. ಬಟ್ಟೆಯ ಥಾನುಗಳ ನಡುವೆ ದಿಂಬಿಗೆ ಒರಗಿ ಕೂತೇ ವ್ಯಾಪಾರ ನೋಡುತ್ತಿದ್ದರು.

"ಕೂತ್ಕೋ ಖಜಾಂಚಿ. ಹೊಲಿಗೆಯವಳ ಆಟ ಕೇಳಿದೆ" ಎಂದರು. "ಒಂದು ದಾರಿ ಇದೆ. ಅವಳ ಎರಡನೇ ಷಟರು ವರ್ಷ ಶುರುವಾದ ಮೇಲೆ ಎತ್ತಿದ್ದು. ಅದನ್ನ ಮುಂದಿನ ವರ್ಷದಿಂದ ಲೆಕ್ಕ ಹಾಕೋಣ ಅಂತ ನಾನು ಅಂದುಬಿಡ್ತೀನಿ. ಆಗ ಇಬ್ಬರದೂ ಸಮ. ಸಮ ಬಂದ್ರೆ ಹಳಬನೇ ಮುಂದುವರೀಲಿ ಅಂತ ಇನ್ನೊಂದು ಮಾತು. ಹಾವೂ ಸಾಯ್ತದೆ, ಕೋಲೂ ಮುರಿಯಲ್ಲ. ನೀನು ಸುಮ್ನೆ ಹೂಂ ಅಂದ್ರೆ ಸಾಕು."

ಗಾಜಣ್ಣನಿಗೆ ಎದೆಯ ಮೇಲಿನ ಚಪ್ಪಡಿ ಸರಿದಂತಾಯಿತು. ಹೂಂ ಎಂದು ಹೇಳಿಯೇ ಎದ್ದ.

ಮಾರನೆಯ ಸಂಜೆ ಗಿರಣಿಯ ಕೋಣೆ ತುಂಬಿತ್ತು. ಟೀ ಬಂತು. ಪಟ್ಟಿ ಓದುವುದು ಖಜಾಂಚಿಯ ಕೆಲಸ, ಗಾಜಣ್ಣ ಎದ್ದ. ಓದುವ ಮೊದಲೇ ಅಧ್ಯಕ್ಷರು ಕೆಮ್ಮಿ, "ಹೊಲಿಗೆ ಅಂಗಡಿಯ ಎರಡನೇ ಷಟರು ವರ್ಷ ಶುರುವಾದ ಮೇಲೆ ಬಂದಿದ್ದು. ಮುಂದಿನ ವರ್ಷದಿಂದ ಲೆಕ್ಕಕ್ಕೆ ತಗೊಳ್ಳೋಣ. ಏನಂತೀರಿ ಖಜಾಂಚಿಯವರೇ?" ಎಂದರು.

ಹೊಲಿಗೆಯಕ್ಕ ಥಟ್ಟನೆ ಎದ್ದಳು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಬಣ್ಣದ ಅಂಗಡಿಯವನ ಕೂಗು ಕೇಳಿತು. "ಅದು ಹೇಗೆ ಆಗ್ತದೆ ಸ್ವಾಮಿ? ನಾನು ಷಟರ್ ಎತ್ತಿದ ತಿಂಗಳಿಂದ ಕಟ್ಟಿಲ್ವಾ? ನನ್ನ ಹತ್ರ ಕತ್ತು ಹಿಡಿದು ತಗೊಂಡ್ರಿ!"

"ನಿಂದು ಬೇರೆ ಕಾಲ ಕಣಯ್ಯಾ" ಎಂದರು ಅಧ್ಯಕ್ಷರು.

"ಕಾಲ ಬೇರೆ ಆದ್ರೆ ದುಡ್ಡು ಬೇರೆನಾ?"

ಎಲ್ಲರೂ ಗಾಜಣ್ಣನ ಕಡೆ ನೋಡಿದರು. ಅವನ ಬಾಯಿಯಲ್ಲಿ ಹೂಂ ಸಿದ್ಧವಾಗಿತ್ತು. ಅದು ಹೊರಗೆ ಬಂದರೆ ಅವನು ಇನ್ನೊಂದು ವರ್ಷ ಖಜಾಂಚಿ. ಬರದಿದ್ದರೆ ನಾಳೆಯಿಂದ ಬರೀ ಗಾಜಿನಂಗಡಿಯವನು. ಆದರೆ ಇಷ್ಟು ವರ್ಷ ಅಳತೆ ತಪ್ಪದೆ ಕೊಯ್ದ ಕೈ, ಬಣ್ಣದವನಿಗೊಂದು ಅಳತೆ, ಹೊಲಿಗೆಯವಳಿಗೊಂದು ಅಳತೆ ಹಿಡಿಯಲು ಒಪ್ಪಲಿಲ್ಲ. ಅಧ್ಯಕ್ಷರ ಮೇಲೆ, ಅವಳ ಮೇಲೆ, ತನ್ನ ಮೇಲೆ, ಮೂವರ ಮೇಲೂ ಒಟ್ಟಿಗೆ ಸಿಟ್ಟು ಬಂತು.

"ಷಟರ್ ಎತ್ತಿದ ತಿಂಗಳಿಂದಲೇ!" ಎಂದು ಗುಡುಗಿದ. "ಹೊಲಿಗೆ ಅಂಗಡಿ, ಎರಡು ಷಟರ್, ಇಪ್ಪತ್ತನಾಲ್ಕು ಚಂದಾ ಬಾಕಿ. ಗಾಜಿನಂಗಡಿ, ಹನ್ನೆರಡು. ಮಿಕ್ಕವರದ್ದು ಓದೋ ಅವಶ್ಯಕತೆ ಇಲ್ಲ." ಪಟ್ಟಿಯನ್ನು ಮೇಜಿಗೆ ಒಗೆದು ಕೂತ. ಹಿಟ್ಟು ಹೊಗೆಯಂತೆ ಎದ್ದಿತು.

ಯಾರೂ ನಗಲಿಲ್ಲ. ಹೊಲಿಗೆಯಕ್ಕ ಮುಂದೆ ಬಂದು ಬಟ್ಟೆಯ ಚೀಲದಿಂದ ಇಪ್ಪತ್ತನಾಲ್ಕು ಚಂದಾ ಮೇಜಿನ ಮೇಲೆ ಇಟ್ಟಳು. ಆಮೇಲೆ ಅವಳು ಹೇಳಿದ್ದು ಎಲ್ಲರಿಗೂ ಗೊತ್ತಿದ್ದ ಮಾತೇ. ಎರಡು ಕೋಣೆ, ಮೇಲೆ ಶೀಟು, ಬಾಗಿಲು, ನಲ್ಲಿ. ಮೇಸ್ತ್ರಿ ಕೊಟ್ಟ ಅಂದಾಜು ಓದಿದಳು.

ಗಲಾಟೆ ಶುರುವಾಯಿತು. "ಕೂಡಿಸಿದ್ದೆಲ್ಲ ಅರ್ಧ ಹೋಗ್ತದೆ!" "ಗಾಜಣ್ಣಾ, ನೀನು ಹೇಳಪ್ಪಾ. ಇಷ್ಟು ವರ್ಷ ಕಾಯ್ದೋನು ನೀನು!"

ಗಾಜಣ್ಣ ಕೈ ಚಾಚಿದ. ಅವಳು ಅಂದಾಜಿನ ಚೀಟಿ ಕೊಟ್ಟಳು. ಅವನು ಬೆಳಕಿಗೆ ಹಿಡಿದು ಮೇಲಿಂದ ಕೆಳಗೆ ಓದಿದ.

"ನೀರಿನ ಟ್ಯಾಂಕಿ ಎಲ್ಲಿ?" ಎಂದ.

"ನಲ್ಲಿ ಇದೆಯಲ್ಲಣ್ಣ."

"ನಲ್ಲೀಲಿ ನೀರು ಬೆಳಗ್ಗೆ ಎರಡು ಗಂಟೆ ಬರೋದು. ಮಧ್ಯಾಹ್ನ ಏನು ಮಾಡ್ತಾರೆ ಹುಡುಗೀರು, ನನ್ನ ಮನೆಗೆ ಓಡಿ ಬರ್ತಾರಾ? ಟ್ಯಾಂಕಿ ಸೇರಿಸು. ತೊಳೆಯೋರಿಗೆ ತಿಂಗಳ ಸಂಬಳ ಯಾರು ಕೊಡ್ತಾರೆ? ಅದನ್ನೂ ಬರಿ. ಕಟ್ಟಿಸಿ ಬೀಗ ಹಾಕಿಡೋಕಾ ಇದು? ಆ ಮೇಸ್ತ್ರಿ ಇಟ್ಟಿಗೇಲಿ ತಿಂತಿದ್ದಾನೆ, ಅವನ ಬಾಯಿ ಮುಚ್ಚಿಸು, ಅದ್ರಲ್ಲೇ ಟ್ಯಾಂಕಿ ಬರ್ತದೆ." ಚೀಟಿ ವಾಪಸ್ಸು ಕೊಟ್ಟ. "ನನ್ನದೇನೂ ತಕರಾರಿಲ್ಲ."

ಅವನದೇ ತಕರಾರಿಲ್ಲ ಎಂದ ಮೇಲೆ ಮಿಕ್ಕವರ ತಕರಾರು ಗಾಳಿ ಹೋದ ಟಯರಾಯಿತು. ಕೈಗಳು ಎದ್ದವು. ಅಧ್ಯಕ್ಷರು ಅವನ ಕಡೆ ನೋಡಲೇ ಇಲ್ಲ. ಇಳಿಯುವಾಗ ಮೆಟ್ಟಿಲ ಬಳಿ ಹೊಲಿಗೆಯಕ್ಕ, "ನಾಳೆ ಬ್ಯಾಂಕಿಗೆ ಬರ್ಬೇಕಣ್ಣ, ಸಹಿ ಬದಲಾಯಿಸೋಕೆ" ಎಂದಳು. "ಹತ್ತಕ್ಕೆ ಬರ್ತೀನಿ. ತಡ ಮಾಡಿದ್ರೆ ಕಾಯಲ್ಲ" ಎಂದ.

ಬ್ಯಾಂಕಿನಲ್ಲಿ ಹೊಸ ಗುಮಾಸ್ತ, ಇವರಿಬ್ಬರನ್ನೂ ಕಂಡವನಲ್ಲ. ಅರ್ಜಿಯಲ್ಲಿ ಕೇಳಿದ್ದನ್ನೆಲ್ಲ ತುಂಬುತ್ತಾ ಬಂದು ಒಂದು ಪ್ರಶ್ನೆಯ ಮುಂದೆ ಪೆನ್ನು ನಿಲ್ಲಿಸಿದ.

"ಖಜಾಂಚಿ ಬದಲಾಗೋಕೆ ಕಾರಣ?"

"ಬಾಕಿ ಸಾಲಲಿಲ್ಲ" ಎಂದ ಗಾಜಣ್ಣ.

"ಅಂದ್ರೆ?"

"ನನ್ನ ಬಾಕಿ ಕಮ್ಮಿ ಬಿತ್ತು. ಇವರದ್ದು ಜಾಸ್ತಿ ಇತ್ತು."

ಗುಮಾಸ್ತ ಪೆನ್ನು ಎತ್ತಿ ಹಿಡಿದು ಇಬ್ಬರ ಮುಖವನ್ನೂ ನೋಡಿದ. "ಬಾಕಿ ಜಾಸ್ತಿ ಇರೋರ ಕೈಗೆ ಸಂಘದ ದುಡ್ಡು ಕೊಡ್ತೀರಾ?"

"ಇಪ್ಪತ್ತೆರಡು ವರ್ಷ ನನಗೂ ಹಾಗೇ ಕೊಟ್ಟಿದ್ರು. ಪುಸ್ತಕ ನಿಮ್ಮ ಮುಂದೇನೇ ಇದೆ, ಒಂದು ಕಾಸು ಆಚೀಚೆ ಆಗಿದ್ರೆ ಹೇಳಿ, ಇಲ್ಲೇ ಕೂತಿರ್ತೀನಿ."

"ಚುನಾವಣೆ ಅಂತ ಬರ್ಕೊಳ್ಳಿ ಸಾರ್" ಎಂದಳು ಹೊಲಿಗೆಯಕ್ಕ, ನಗು ತಡೆಯಲಾರದೆ.

ಗುಮಾಸ್ತ ಹಾಗೇ ಬರೆದ. ಕಾಗದವನ್ನು ಗಾಜಣ್ಣನ ಕಡೆ ತಿರುಗಿಸಿ, ಎಲ್ಲಿ ಸಹಿ ಹಾಕಬೇಕು ಅಂತ ಬೆರಳಿಟ್ಟು ತೋರಿಸಿದ. ಗಾಜಣ್ಣ ತನ್ನ ಹೆಸರನ್ನು ಪೂರ್ತಿ, ಒಂದೊಂದೇ ಅಕ್ಷರ ಬಿಡಿಸಿ ಬರೆದ. ಅದರ ಕೆಳಗೆ ಅವಳು ಬರೆದಳು. ಅವಳು ಹಣ ತೆಗೆಯುವ ಚೀಟಿ ಕೇಳುತ್ತಿರುವಾಗಲೇ ಅವನು ಎದ್ದು ಹೊರಗೆ ಬಂದ. ಆಸ್ಪತ್ರೆಯ ಎಂಟು ಕಿಟಕಿಗೆ ಅಳತೆ ತೆಗೆಯುವುದಿತ್ತು, ಹೊತ್ತು ಆಗಲೇ ಏರಿತ್ತು. ಜೇಬಿನಿಂದ ಅಳತೆಪಟ್ಟಿ ತೆಗೆದು ನೋಡಿಕೊಂಡು, ಬಿಸಿಲಿಗೆ ಕೈ ಅಡ್ಡ ಹಿಡಿದು, ಆಸ್ಪತ್ರೆಯ ಕಡೆ ನಡೆದ.